ಶುಕ್ರವಾರ ಆಡಿದವರೆಲ್ಲ ಶನಿವಾರ ಆಡುವುದಿಲ್ಲ: ಅಮೆರಿಕದ ಕಾಲೇಜು ಫುಟ್‌ಬಾಲ್‌ಗೆ ಓದಿನ ತಯಾರಿ

ಮಗ 10ನೇ ತರಗತಿ ಮುಗಿಸಿದ ಬೇಸಿಗೆ. ಒಂದು ಭಾನುವಾರ ಮಧ್ಯಾಹ್ನ ಅವನ ಟ್ರಾನ್ಸ್‌ಕ್ರಿಪ್ಟನ್ನು (ಹೈಸ್ಕೂಲಿನ ಅಂಕಪಟ್ಟಿ) ಊಟದ ಮೇಜಿನ ಮೇಲೆ ಹರಡಿಕೊಂಡು, ಹಳದಿ ಹೈಲೈಟರ್ ಹಿಡಿದು ಕೂತೆ. ಶಾಲೆ ಕೊಟ್ಟಿದ್ದ ಜಿಪಿಎ, ಅಂದರೆ 4ರ ಅಳತೆಯಲ್ಲಿ ಗ್ರೇಡುಗಳ ಸರಾಸರಿ, 3.0. ನೆಮ್ಮದಿಯಾಗಿಯೇ ಇದ್ದೆ. ಎನ್‌ಸಿಎಎ (ಅಮೆರಿಕದ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ) ಒಪ್ಪುವ ಕ್ಲಾಸುಗಳಿಗೆ ಮಾತ್ರ ಹಳದಿ ಬಳಿಯುತ್ತಾ ಹೋದೆ. 14 ಸಾಲುಗಳಲ್ಲಿ ಹಳದಿಯಾದದ್ದು 9. ಅಥ್ಲೆಟಿಕ್ಸ್ ಪೀರಿಯಡ್ಡಿನ ಎ, ಹೆಲ್ತ್ ಕ್ಲಾಸಿನ ಎ, ಥಿಯೇಟರಿನ ಎ ಎಲ್ಲ ಬಿಳಿಯಾಗಿಯೇ ಉಳಿದವು. ಆ 9ರ ಸರಾಸರಿ ತೆಗೆದರೆ 2.4 ಚಿಲ್ಲರೆ. ಎರಡು ವರ್ಷ ನಾವು ನೋಡುತ್ತಿದ್ದ ಅಂಕಿಯೇ ಬೇರೆ, ಅವನ ಹಣೆಬರಹ ಬರೆಯುವ ಅಂಕಿಯೇ ಬೇರೆ.

ಅವತ್ತಿನಿಂದ ಕಲಿತದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಡಲ್ಲಾಸ್, ಬೇ ಏರಿಯಾ, ನ್ಯೂಜೆರ್ಸಿ ಕಡೆಯ ಕನ್ನಡದ ಮನೆಗಳಲ್ಲಿ ಈಗ ಹೆಲ್ಮೆಟ್ ಹಾಕಿಕೊಂಡು ಅಮೆರಿಕನ್ ಫುಟ್‌ಬಾಲ್ ಆಡುವ ಮಕ್ಕಳಿದ್ದಾರೆ. ಅಪ್ಪ ಅಮ್ಮಂದಿರಿಗೆ ಎಸ್ಸೆಸ್ಸೆಲ್ಸಿ ಗೊತ್ತು, ಪಿಯುಸಿ ಗೊತ್ತು, ಸಿಇಟಿ ಗೊತ್ತು. ಇದು ಮಾತ್ರ ಹೊಸದು. ಸಿಇಟಿಯಲ್ಲಿ ಇರುವ ಹಾಗೆ ಇಲ್ಲೂ ಒಂದು ಸ್ಪೋರ್ಟ್ಸ್ ಕೋಟಾ ಇರಬೇಕು, ಆಟ ಚೆನ್ನಾಗಿದ್ದರೆ ಸೀಟು ಸಿಗುತ್ತೆ ಅಂತ ಅಂದುಕೊಂಡುಬಿಡುತ್ತೇವೆ. ಹಾಗಿಲ್ಲ.

ಮೊದಲು ಎರಡು ಬಾಗಿಲು ಬೇರೆ ಬೇರೆ ಅಂತ ತಿಳಿಯಿರಿ

ಒಂದನೇ ಬಾಗಿಲು ಎನ್‌ಸಿಎಎದ್ದು. ಇಂಡಿಯಾನಾಪೊಲಿಸ್‌ನಲ್ಲಿರುವ ಅದರ ಎಲಿಜಿಬಿಲಿಟಿ ಸೆಂಟರ್ ಹುಡುಗನ ಓದು ನೋಡಿ, "ಮೊದಲ ವರ್ಷ ಆಡಬಹುದು" ಅಥವಾ "ಆಡುವ ಹಾಗಿಲ್ಲ" ಎನ್ನುತ್ತದೆ. ಎರಡನೇ ಬಾಗಿಲು ಕಾಲೇಜಿನದ್ದು. ಅದರ ಅಡ್ಮಿಷನ್ ಆಫೀಸು "ಸೇರಿಸಿಕೊಳ್ಳುತ್ತೇವೆ" ಎನ್ನಬೇಕು. ಒಂದು ತೆರೆದರೆ ಇನ್ನೊಂದು ತಾನಾಗಿ ತೆರೆಯುವುದಿಲ್ಲ. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳನ್ನೇ ನೋಡಿ. ಎನ್‌ಸಿಎಎ ಆಟಗಳ ಅತಿ ಮೇಲಿನ ಹಂತವಾದ ಡಿವಿಜನ್ 1ಕ್ಕೆ 2.3 ಜಿಪಿಎ ಸಾಕು. ಯುಸಿಗೆ ಅರ್ಜಿ ಹಾಕಲು ಆ ರಾಜ್ಯದ ಮಕ್ಕಳಿಗೇ 3.0 ಬೇಕು, ಹೊರಗಿನವರಿಗೆ 3.4. ಅದಕ್ಕಿಂತ ಕಡಿಮೆ ಇದ್ದವರಿಗೆ ವಿಶೇಷ ವಿನಾಯಿತಿ ಇದೆ. ಆದರೆ ಹೊಸದಾಗಿ ಸೇರುವವರಲ್ಲಿ ಶೇ. 6ಕ್ಕಿಂತ ಜಾಸ್ತಿ ಜನರಿಗೆ ಅದನ್ನು ಕೊಡುವಂತಿಲ್ಲ.

ಈ ಎರಡಕ್ಕೂ ಮುಂಚೆ ಹೈಸ್ಕೂಲಿನ ನಿಯಮ ಬೇರೆ ಇದೆ. ಟೆಕ್ಸಸ್‌ನಲ್ಲಿ ಅದು 1984ರಿಂದ ಇರುವ "ನೋ ಪಾಸ್, ನೋ ಪ್ಲೇ". ಯಾವುದಾದರೂ ಕ್ಲಾಸಿನಲ್ಲಿ 70ಕ್ಕಿಂತ ಕಡಿಮೆ ಬಂದರೆ ಕನಿಷ್ಠ 3 ವಾರ ಮೈದಾನಕ್ಕಿಳಿಯುವಂತಿಲ್ಲ. ಮನೆಯಲ್ಲಿ ಎಲ್ಲರ ಗಮನವೂ ಇದರ ಮೇಲೆಯೇ. 70 ದಾಟಿದರೆ ಸಾಕು, ಶುಕ್ರವಾರ ರಾತ್ರಿ ಆಟ ಉಂಟು. ಆದರೆ ನಮ್ಮ ಕಡೆಯ ಶಾಲೆಗಳಲ್ಲಿ 70ರಿಂದ 79 ಅಂದರೆ ಸಿ ಗ್ರೇಡ್. ಸಿ ಅಂದರೆ 2 ಪಾಯಿಂಟ್. ನಾಲ್ಕು ವರ್ಷ ಒಂದೂ ಆಟ ತಪ್ಪಿಸಿಕೊಳ್ಳದೆ, ಎಲ್ಲದರಲ್ಲೂ 75 ತೆಗೆದ ಹುಡುಗನ ಜಿಪಿಎ ಬರೀ 2.0 ಆಗುತ್ತದೆ. ಅವನು ಡಿವಿಜನ್ 1ರಲ್ಲಿ ಮೊದಲ ವರ್ಷ ಆಡುವಂತಿಲ್ಲ. ಹೈಸ್ಕೂಲ್ ಆಟ ಶುಕ್ರವಾರ, ಕಾಲೇಜಿನದ್ದು ಶನಿವಾರ. ಆ ಒಂದು ರಾತ್ರಿಯ ನಡುವೆ ಎಷ್ಟು ದೂರ ಇದೆ ಅಂತ ಬಹಳ ಮನೆಗಳಿಗೆ ಗೊತ್ತಾಗುವುದು 12ನೇ ತರಗತಿಯಲ್ಲಿ.

ಯಾವ ಡಿವಿಜನ್‌ಗೆ ಯಾವ ಲೆಕ್ಕ

ಡಿವಿಜನ್ 1 ಅಂದರೆ ಟಿವಿಯಲ್ಲಿ ಕಾಣುವ ದೊಡ್ಡ ತಂಡಗಳು. ಹಾರ್ವರ್ಡ್, ಬ್ರೌನ್ ಮುಂತಾದ ಕಾಲೇಜುಗಳ ಐವಿ ಲೀಗ್ ಕೂಡ ಇದರಲ್ಲೇ ಬರುತ್ತದೆ. ಇಲ್ಲಿ 16 ಕೋರ್ ಕೋರ್ಸುಗಳಲ್ಲಿ (ಎನ್‌ಸಿಎಎ ಎಣಿಸುವ ಮುಖ್ಯ ವಿಷಯಗಳ ಒಂದೊಂದು ವರ್ಷದ ಕ್ಲಾಸು) ಕನಿಷ್ಠ 2.3 ಬೇಕು. ಡಿವಿಜನ್ 2ರಲ್ಲೂ 16 ಕೋರ್ಸು, ಕನಿಷ್ಠ 2.2. ಡಿವಿಜನ್ 3ರಲ್ಲಿ ಆಟದ ಸ್ಕಾಲರ್‌ಶಿಪ್ಪೇ ಇಲ್ಲ. ಅಲ್ಲಿ ಓದಿನ ಮಟ್ಟವನ್ನು ಆಯಾ ಕಾಲೇಜೇ ಗೊತ್ತು ಮಾಡುತ್ತದೆ.

ಹಾಗಂತ ಡಿವಿಜನ್ 3 ಕೀಳು ಅಂತಲ್ಲ. ನಮ್ಮವರು ಕನಸು ಕಾಣುವ ಎಂಐಟಿ, ಯೂನಿವರ್ಸಿಟಿ ಆಫ್ ಶಿಕಾಗೊ, ಕಾರ್ನೆಗಿ ಮೆಲನ್, ಜಾನ್ಸ್ ಹಾಪ್‌ಕಿನ್ಸ್ ಎಲ್ಲ ಫುಟ್‌ಬಾಲ್ ಆಡುವುದು ಇದರಲ್ಲೇ. ಶಿಕಾಗೊದ ಕಥೆ ನನಗೆ ತುಂಬ ಇಷ್ಟ. 1935ರಲ್ಲಿ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನು ಮೊತ್ತಮೊದಲು ಗೆದ್ದ ಜೇ ಬರ್‌ವ್ಯಾಂಗರ್ ಆ ಕಾಲೇಜಿನ ಹುಡುಗ. ನಾಲ್ಕೇ ವರ್ಷಕ್ಕೆ, 1939ರಲ್ಲಿ, ಓದಿಗೂ ಇದಕ್ಕೂ ಹೊಂದುವುದಿಲ್ಲ ಅಂತ ಕಾಲೇಜು ಫುಟ್‌ಬಾಲನ್ನೇ ನಿಲ್ಲಿಸಿತು. 1969ರಲ್ಲಿ ಮತ್ತೆ ಶುರು ಮಾಡಿ, ಈಗ ಡಿವಿಜನ್ 3ರಲ್ಲಿ ಆಡುತ್ತಿದೆ.

ಡಿವಿಜನ್ 1ರ 2.3ಕ್ಕೆ ಮುಟ್ಟದೆ, 16 ಕೋರ್ಸು ಮುಗಿಸಿ 2.0 ದಾಟಿದವನನ್ನು ಅಕಾಡೆಮಿಕ್ ರೆಡ್‌ಶರ್ಟ್ ಅನ್ನುತ್ತಾರೆ. ಸ್ಕಾಲರ್‌ಶಿಪ್ ಸಿಗಬಹುದು, ಮೊದಲ ಟರ್ಮ್ ಪ್ರಾಕ್ಟೀಸ್ ಮಾಡಬಹುದು, ಆ ವರ್ಷ ಪಂದ್ಯ ಆಡುವಂತಿಲ್ಲ. ಅದಕ್ಕೂ ಕೆಳಗಿದ್ದರೆ ಸ್ಕಾಲರ್‌ಶಿಪ್ಪೂ ಇಲ್ಲ, ಪ್ರಾಕ್ಟೀಸೂ ಇಲ್ಲ. ಆಗ ಉಳಿಯುವ ದೊಡ್ಡ ದಾರಿ ಜೂನಿಯರ್ ಕಾಲೇಜು (ನಮ್ಮ ಪಿಯು ಅಲ್ಲ, ಹೈಸ್ಕೂಲಿನ ನಂತರದ ಎರಡು ವರ್ಷದ ಕಾಲೇಜು). ಅಲ್ಲಿ ಓದಿ, ಒಳ್ಳೆಯ ಗ್ರೇಡ್ ತೆಗೆದು, ಆಮೇಲೆ ವರ್ಗವಾಗುವುದು. ಆ ದಾರಿಯಲ್ಲಿ ಹೋಗಿ ಮೇಲೆ ಬಂದವರು ಬೇಕಾದಷ್ಟಿದ್ದಾರೆ. ಆದರೂ ಅದನ್ನು ಆರಿಸಿಕೊಂಡು ಹೋಗುವುದು ಬೇರೆ, ಗೊತ್ತಿಲ್ಲದೆ ಹೋಗಿ ಬೀಳುವುದು ಬೇರೆ.

16 ಕೋರ್ಸುಗಳು ಯಾವುವು

ಡಿವಿಜನ್ 1ಕ್ಕೆ: ಇಂಗ್ಲಿಷ್ 4 ವರ್ಷ. ಗಣಿತ 3 ವರ್ಷ, ಆಲ್ಜೀಬ್ರಾ 1 ಅಥವಾ ಅದರ ಮೇಲಿನದು. ವಿಜ್ಞಾನ 2 ವರ್ಷ, ಶಾಲೆಯಲ್ಲಿ ಲ್ಯಾಬ್ ಇದ್ದರೆ ಒಂದು ವರ್ಷ ಲ್ಯಾಬ್ ಸಮೇತ. ಈ ಮೂರರಲ್ಲೇ ಇನ್ನೊಂದು ವರ್ಷ. ಸಮಾಜ ವಿಜ್ಞಾನ 2 ವರ್ಷ. ಉಳಿದ 4 ವರ್ಷ ಇವುಗಳಲ್ಲೇ ಯಾವುದಾದರೂ, ಇಲ್ಲ ವಿದೇಶಿ ಭಾಷೆ, ತತ್ವಶಾಸ್ತ್ರ, ಧರ್ಮಗಳ ತೌಲನಿಕ ಅಧ್ಯಯನ. ಡಿವಿಜನ್ 2ರಲ್ಲೂ ಒಟ್ಟು ಅಷ್ಟೇ, ಹಂಚಿಕೆ ಸ್ವಲ್ಪ ಸಡಿಲ: ಇಂಗ್ಲಿಷ್ 3, ಗಣಿತ 2.

ಪಿಇ, ಹೆಲ್ತ್, ಡ್ರೈವಿಂಗ್, ಸಂಗೀತ, ಚಿತ್ರಕಲೆ, ಮರಗೆಲಸ ಯಾವುದೂ ಲೆಕ್ಕಕ್ಕಿಲ್ಲ. ಕಂಪ್ಯೂಟರ್ ಸೈನ್ಸ್ ವಿಷಯದಲ್ಲಿ ನಮ್ಮ ಮನೆಗಳು ಹುಷಾರಾಗಿರಬೇಕು. ಶಾಲೆ ಅದನ್ನು ಗಣಿತ ಅಥವಾ ವಿಜ್ಞಾನದ ಕ್ರೆಡಿಟ್ ಅಂತ ಕೊಟ್ಟಿದ್ದರೆ ಮಾತ್ರ ಎಣಿಕೆಗೆ ಬರಬಹುದು, ಸುಮ್ನೆ ಎಲೆಕ್ಟಿವ್ ಅಂತ ಇದ್ದರೆ ಇಲ್ಲ.

ಕನ್ನಡದ ವಿಷಯವನ್ನೂ ಹೇಳಬೇಕು. ಭಾನುವಾರದ ಕನ್ನಡ ಶಾಲೆಗೆ ಹೋಗಿ, ಪರೀಕ್ಷೆ ಬರೆದು, ಹೈಸ್ಕೂಲಿನಲ್ಲಿ ವಿದೇಶಿ ಭಾಷೆಯ ಕ್ರೆಡಿಟ್ ಪಡೆಯುವ ಮಕ್ಕಳಿದ್ದಾರೆ. ಬಹಳ ಸಂತೋಷದ ವಿಷಯ. ಆದರೆ ಬರೀ ಪರೀಕ್ಷೆ ಬರೆದು ಪಡೆದ ಕ್ರೆಡಿಟ್ಟನ್ನು ಎನ್‌ಸಿಎಎ ಕೋರ್ ಕೋರ್ಸ್ ಅಂತ ಒಪ್ಪುವುದಿಲ್ಲ. ಹಾಗಾಗಿ ಕನ್ನಡ ಕಲಿಸಿ, ಖಂಡಿತ ಕಲಿಸಿ. ಜೊತೆಗೆ 16ರ ಲೆಕ್ಕಕ್ಕೆ ಬೇರೆ ಕ್ಲಾಸುಗಳನ್ನು ಇಟ್ಟುಕೊಳ್ಳಿ.

ನಮ್ಮ ಮಕ್ಕಳಿಗೆ ಅನುಕೂಲವಾಗುವ ಒಂದು ನಿಯಮವೂ ಇದೆ. ಎಷ್ಟೋ ಮಕ್ಕಳು 8ನೇ ತರಗತಿಯಲ್ಲೇ ಆಲ್ಜೀಬ್ರಾ 1 ಮುಗಿಸಿರುತ್ತಾರೆ, ಅಲ್ವಾ? ಅದು ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟಿನಲ್ಲಿ ಗ್ರೇಡ್ ಮತ್ತು ಕ್ರೆಡಿಟ್ ಸಮೇತ ದಾಖಲಾಗಿದ್ದು, ಕೋರ್ಸು ಪಟ್ಟಿಯಲ್ಲಿ ಇದ್ದರೆ, 16ರಲ್ಲಿ ಒಂದಾಗಿ ಎಣಿಸಬಹುದು. ಗ್ರೇಡ್ ಬಿಟ್ಟು ಹೋಗಿದ್ದರೆ 9ನೇ ತರಗತಿಯಲ್ಲೇ ಕೇಳಿ ಸೇರಿಸಿಸಿ.

ನಿಮ್ಮ ಶಾಲೆಯ ಪಟ್ಟಿಯನ್ನು ಹುಡುಕಿ ತೆಗೆಯಿರಿ

ಈ ಕೆಲಸಕ್ಕೆ ಹತ್ತು ನಿಮಿಷ ಸಾಕು. ಆದರೂ ಬಹಳ ಜನ ಮಾಡುವುದಿಲ್ಲ. ಎಲಿಜಿಬಿಲಿಟಿ ಸೆಂಟರಿನ ವೆಬ್‌ಸೈಟಿನಲ್ಲಿ ಪ್ರತಿ ಹೈಸ್ಕೂಲಿಗೂ ಒಪ್ಪಿತ ಕೋರ್ಸುಗಳ ಪಟ್ಟಿ ಇರುತ್ತದೆ. ಶಾಲೆಯ ಆರಂಕಿಯ ಕೋಡ್ ಹಾಕಿದರೆ ತೆರೆದುಕೊಳ್ಳುತ್ತದೆ. ಅಲ್ಲಿರುವ ಹೆಸರೂ ಟ್ರಾನ್ಸ್‌ಕ್ರಿಪ್ಟಿನಲ್ಲಿರುವ ಹೆಸರೂ ಒಂದೇ ಇರಬೇಕು. ಗಣಿತ ಅಂತ ಹೆಸರಿದ್ದ ಮಾತ್ರಕ್ಕೆ ಒಪ್ಪಿಗೆ ಇದೆ ಅಂತಲ್ಲ.

ನಮಗೆ ಪೆಟ್ಟು ಬಿದ್ದದ್ದು ಇಲ್ಲೇ. ಮಗನಿಗೆ 10ನೇ ತರಗತಿಯಲ್ಲಿ ಸೀಸನ್ ಸಮಯಕ್ಕೆ ಹಗುರ ಆಗಲಿ ಅಂತ ಒಂದು ಸುಲಭದ ಗಣಿತದ ಕ್ಲಾಸು ಕೊಟ್ಟಿದ್ದರು. ಶಾಲೆಯಿಂದ ಪಾಸಾಗಲು ಅದು ಸಾಕಾಗುತ್ತಿತ್ತು. ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಒಂದು ವರ್ಷದ ಗಣಿತ ಹಾಗೇ ಹೋಯಿತು. ಮುಂದಿನ ಬೇಸಿಗೆಯೆಲ್ಲ ಕೂತು ಜ್ಯಾಮಿಟ್ರಿ ಮುಗಿಸಿದ. ಬೇಸಿಗೆ ಕ್ಲಾಸು ಸೇರಿಸುವ ಮುಂಚೆಯೂ ಇದೇ ಪಟ್ಟಿ ನೋಡಬೇಕು. ಆನ್‌ಲೈನಿನಲ್ಲಿ ಎರಡು ವಾರಕ್ಕೆ ಮುಗಿಯುವ, ಪಾಠ ಮಾಡುವ ಶಿಕ್ಷಕರೇ ಇಲ್ಲದ ಕೋರ್ಸುಗಳನ್ನು ಎನ್‌ಸಿಎಎ ಒಪ್ಪುವುದಿಲ್ಲ. ಶಿಕ್ಷಕರು ಪಾಠ ಮಾಡಬೇಕು, ವಿದ್ಯಾರ್ಥಿಯ ಜೊತೆ ಸಂಪರ್ಕದಲ್ಲಿರಬೇಕು, ಕೆಲಸ ತಿದ್ದಿ ಕೊಡಬೇಕು.

ಕೌನ್ಸೆಲರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬೊಬ್ಬರ ಕೈಯಲ್ಲಿ ನೂರಾರು ಮಕ್ಕಳು. ಅವರ ಕೆಲಸ ಮಗುವನ್ನು ಶಾಲೆಯಿಂದ ಪಾಸು ಮಾಡಿಸುವುದು. ಎನ್‌ಸಿಎಎ ಪಟ್ಟಿ ನೋಡುವ ಕೆಲಸ ನಮ್ಮದೇ.

ಕೋರ್ ಜಿಪಿಎಯನ್ನು ನೀವೇ ಲೆಕ್ಕ ಹಾಕಿ

ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಎ ಅಂದರೆ 4, ಬಿ 3, ಸಿ 2, ಡಿ 1. ಪ್ಲಸ್, ಮೈನಸ್ ಲೆಕ್ಕಕ್ಕಿಲ್ಲ: ಬಿ ಮೈನಸ್ ಕೂಡ 3, ಬಿ ಪ್ಲಸ್ ಕೂಡ 3. ಪಾಸ್ ಅಥವಾ ಫೇಲ್ ಅಂತ ಮಾತ್ರ ಗ್ರೇಡ್ ಕೊಟ್ಟ ಕ್ಲಾಸಿಗೆ ಪಾಸಿನ ಅತಿ ಕಡಿಮೆ ಗ್ರೇಡ್ ಸಿಗುತ್ತದೆ. ಶಾಲೆ ಆನರ್ಸ್, ಎಪಿ ಅನ್ನುವ ಮೇಲ್ಮಟ್ಟದ ಕ್ಲಾಸುಗಳಿಗೆ ಜಾಸ್ತಿ ತೂಕ ಕೊಡುವ ಪದ್ಧತಿ ಇಟ್ಟುಕೊಂಡಿದ್ದರೆ ಎನ್‌ಸಿಎಎ ಕೂಡ ಹೆಚ್ಚೆಂದರೆ 1 ಪಾಯಿಂಟ್ ಸೇರಿಸುತ್ತದೆ. 16ಕ್ಕಿಂತ ಜಾಸ್ತಿ ಕೋರ್ ಕೋರ್ಸು ಇದ್ದರೆ, ವಿಷಯವಾರು ಹಂಚಿಕೆ ಸರಿಯಿರುವ ಹಾಗೆ, ಒಳ್ಳೆಯ ಗ್ರೇಡಿನವನ್ನೇ ಆರಿಸಿಕೊಳ್ಳುತ್ತಾರೆ. ಅಂದರೆ 17ನೇ, 18ನೇ ಕೋರ್ಸು ತೆಗೆದುಕೊಂಡರೆ ಲಾಭವೇ.

ಒಬ್ಬ ಹುಡುಗನ ಲೆಕ್ಕ ಮಾಡಿ ನೋಡೋಣ. ಇಂಗ್ಲಿಷಿನಲ್ಲಿ ಬಿ, ಸಿ, ಸಿ, ಬಿ: 10 ಪಾಯಿಂಟ್. ಗಣಿತ ಮೂರೂ ಸಿ: 6. ಬಯಾಲಜಿ, ಕೆಮಿಸ್ಟ್ರಿ ಎರಡೂ ಸಿ: 4. ಹೆಚ್ಚಿನ ಒಂದು ವಿಜ್ಞಾನ ಬಿ: 3. ಸಮಾಜದಲ್ಲಿ ಒಂದು ಬಿ, ಒಂದು ಸಿ: 5. ಸ್ಪ್ಯಾನಿಷ್ ಎರಡು ವರ್ಷ, ಭೂಗೋಳ ಮತ್ತು ಸರ್ಕಾರ–ಅರ್ಥಶಾಸ್ತ್ರ, ನಾಲ್ಕೂ ಸಿ: 8. ಒಟ್ಟು 36. ಅದನ್ನು 16ರಿಂದ ಭಾಗಿಸಿ: 2.25.

2.25 ಅಂದರೆ ಡಿವಿಜನ್ 2ಕ್ಕೆ ಅರ್ಹ, ಡಿವಿಜನ್ 1ಕ್ಕೆ ಇಲ್ಲ. ಈಗ ಒಂದೇ ಒಂದು ವರ್ಷದ ಕೋರ್ಸಿನಲ್ಲಿ ಸಿ ಇದ್ದದ್ದು ಬಿ ಆಗಲಿ. 37 ಭಾಗ 16, 2.3125. ದಾಟಿದ! ನಾಲ್ಕು ವರ್ಷದ ಓದಿನಲ್ಲಿ ಒಂದೇ ಒಂದು ಗ್ರೇಡು. ಒಂದು ಸೆಮಿಸ್ಟರಿಗೆ ಅರ್ಧ ಯೂನಿಟ್, ಹಾಗಾಗಿ ಎರಡು ಸೆಮಿಸ್ಟರಿನಲ್ಲಿ 79ರ ಜಾಗದಲ್ಲಿ 80 ಬಂದಿದ್ದರೂ ಸಾಕಿತ್ತು. ಇದನ್ನು ಮಗನ ಕೈಯಲ್ಲೇ ಲೆಕ್ಕ ಹಾಕಿಸಿ. ನಾನು ಎಷ್ಟು ಬುದ್ಧಿ ಹೇಳಿದರೂ ನಾಟದ ಮಾತು ಆ ಭಾಗಾಕಾರದಲ್ಲಿ ನಾಟಿತು. ಮಾರನೇ ದಿನವೇ ಕೆಮಿಸ್ಟ್ರಿ ಟೀಚರ್ ಹತ್ತಿರ ಟ್ಯುಟೋರಿಯಲ್ ಸಮಯ ಕೇಳಿಕೊಂಡು ಬಂದ.

12ನೇ ತರಗತಿಯ ಮೊದಲ ದಿನ ಬೀಳುವ ಬೀಗ

ಡಿವಿಜನ್ 1ರಲ್ಲಿ "ಟೆನ್-ಸೆವೆನ್" ಅಂತ ಒಂದು ನಿಯಮ ಇದೆ. ಏಳನೇ ಸೆಮಿಸ್ಟರ್, ಅಂದರೆ 12ನೇ ತರಗತಿ, ಶುರುವಾಗುವ ಮುಂಚೆ 16ರಲ್ಲಿ 10 ಕೋರ್ಸು ಮುಗಿದಿರಬೇಕು. ಆ 10ರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದ್ದೇ ಆಗಿರಬೇಕು. ಸೀನಿಯರ್ ವರ್ಷ ಶುರುವಾಯಿತೆಂದರೆ ಆ ಗ್ರೇಡುಗಳಿಗೆ ಬೀಗ ಬಿತ್ತು ಅಂತಲೇ ಅರ್ಥ. ಅದೇ ಕೋರ್ಸನ್ನು ಮತ್ತೆ ಮಾಡಿ ಗ್ರೇಡ್ ಏರಿಸಿಕೊಳ್ಳಲು ಆಗುವುದಿಲ್ಲ.

"ಸೀನಿಯರ್ ಇಯರಲ್ಲಿ ಸರಿ ಮಾಡ್ಕೋತೀನಿ" ಅನ್ನುವ ಮಾತು ಎಲ್ಲ ಮನೆಯಲ್ಲೂ ಕೇಳುತ್ತದೆ. ಈ ನಿಯಮದ ಎದುರು ಅದು ನಡೆಯುವುದಿಲ್ಲ. ಸಿ ಅಥವಾ ಡಿ ಬಂದ ಇಂಗ್ಲಿಷ್, ಗಣಿತ, ವಿಜ್ಞಾನದ ಕೋರ್ಸನ್ನು ಮತ್ತೆ ಮಾಡುವುದಿದ್ದರೆ 11ನೇ ತರಗತಿಯ ನಂತರದ ಬೇಸಿಗೆಯೇ ಕೊನೆಯ ಅವಕಾಶ. ಅದೇ ಬೇಸಿಗೆಯಲ್ಲಿ ಕಾಲೇಜುಗಳ ಕ್ಯಾಂಪುಗಳೂ ಇರುತ್ತವೆ. ಕ್ಯಾಂಪೋ ಕ್ಲಾಸೋ ಅಂತ ಬಂದರೆ ನಾನು ಕ್ಲಾಸೇ ಅನ್ನುತ್ತೇನೆ. ಕ್ಯಾಂಪಿನಲ್ಲಿ ಚೆನ್ನಾಗಿ ಆಡಿದ ಹುಡುಗನ ಹತ್ತಿರವೂ ಕೋಚ್ ಕೇಳುವ ಮೊದಲ ಪ್ರಶ್ನೆ ಟ್ರಾನ್ಸ್‌ಕ್ರಿಪ್ಟೇ.

ಇನ್ನೊಂದು ಗಡುವು: 9ನೇ ತರಗತಿ ಶುರುವಾದ ದಿನದಿಂದ ನಾಲ್ಕು ವರ್ಷದಲ್ಲಿ 16 ಕೋರ್ಸು ಮುಗಿಯಬೇಕು. ಸರಿಯಾದ ಸಮಯಕ್ಕೆ ಶಾಲೆ ಮುಗಿಸಿದವರಿಗೆ ಆಮೇಲೆ ಒಂದು ಕೋರ್ಸು ಸೇರಿಸಿಕೊಳ್ಳುವ ಅವಕಾಶ ಇದೆ, ಅಷ್ಟೇ. ಇನ್ನೂ ದೊಡ್ಡವನಾಗಲಿ, ಬಲಿಯಲಿ ಅಂತ ಒಂದು ವರ್ಷ ಹಿಂದೆ ಹಾಕಿಸುವವರು ಈ ಗಡಿಯಾರ ನಿಲ್ಲುವುದಿಲ್ಲ ಅನ್ನುವುದನ್ನು ಮರೆಯಬಾರದು.

ಮಧ್ಯದಲ್ಲಿ ಕರ್ನಾಟಕದಿಂದ ಬಂದ ಮಕ್ಕಳು

9ನೇ ತರಗತಿಯನ್ನೋ 10ನ್ನೋ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓದಿ ಇಲ್ಲಿಗೆ ಬಂದಿದ್ದರೆ, 9ರಿಂದ ಮುಂದಿನ ಪ್ರತಿ ವರ್ಷದ ಅಂಕಪಟ್ಟಿಯೂ ಬೇಕು. ಮೂಲ ಭಾಷೆಯ ಪ್ರತಿ ಮತ್ತು ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ, ಎರಡೂ. ಅಂಕಪಟ್ಟಿ ಕನ್ನಡದಲ್ಲೇ ಇದ್ದರೆ ಅನುವಾದವನ್ನು ಊರಿನಲ್ಲಿರುವಾಗಲೇ ಮಾಡಿಸಿಕೊಂಡು ಬನ್ನಿ. ಇಲ್ಲಿ ಕೂತು ಅಜ್ಜನನ್ನು ಶಾಲೆಗೆ ಅಲೆದಾಡಿಸುವುದು ತಪ್ಪುತ್ತದೆ. ಇಲ್ಲಿನ ಶಾಲೆ ಮತ್ತೆ 9ನೇ ತರಗತಿಗೆ ಕೂರಿಸುತ್ತೇನೆ ಅಂದರೆ ಒಪ್ಪುವ ಮುಂಚೆ ಎಲಿಜಿಬಿಲಿಟಿ ಸೆಂಟರನ್ನು ಕೇಳಿ. ಅವರ ಎಣಿಕೆ ಮೊದಲ ಸಲ 9ನೇ ತರಗತಿಗೆ ಸೇರಿದ ದಿನದಿಂದ.

ವೀಸಾದ ಮಾತೂ ಒಂದಿದೆ. ಈಗ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಲು ಕೊಟ್ಟು ದುಡ್ಡು ಪಡೆಯಬಹುದು. ಎಚ್-4, ಎಫ್-1 ವೀಸಾದ ಮಕ್ಕಳು ಅಂಥ ಕಾಗದಕ್ಕೆ ಸಹಿ ಹಾಕುವ ಮುಂಚೆ ವಲಸೆ ವಕೀಲರನ್ನು ಕೇಳಲೇಬೇಕು. ವೆಸ್ಟ್ ಪಾಯಿಂಟ್, ಅನ್ನಾಪೊಲಿಸ್, ಏರ್ ಫೋರ್ಸ್ ಎಂಬ ಸೇನಾ ಅಕಾಡೆಮಿಗಳಿಗೆ ಅಮೆರಿಕದ ಪೌರತ್ವ ಬೇಕು, ಸಾಮಾನ್ಯವಾಗಿ ಕಾಂಗ್ರೆಸ್ ಸದಸ್ಯರ ಅಥವಾ ಸೆನೆಟರ್ ನಾಮನಿರ್ದೇಶನವೂ ಬೇಕು. ಓದು ಉಚಿತ, ಮುಗಿದ ಮೇಲೆ ಕನಿಷ್ಠ 5 ವರ್ಷ ಸೇನೆಯಲ್ಲಿ ಕೆಲಸ.

ಸ್ಯಾಟ್ ಬೇಕಾ, ಬೇಡವಾ?

ಸ್ಯಾಟ್, ಎಸಿಟಿ ಅಂದರೆ ಕಾಲೇಜು ಸೇರಲು ಬರೆಯುವ ಪರೀಕ್ಷೆಗಳು. 1986ರಲ್ಲಿ ಎನ್‌ಸಿಎಎಯ ಪ್ರೊಪೊಸಿಷನ್ 48 ಅನ್ನುವ ನಿಯಮ ಜಾರಿಯಾದಾಗ 11 ಕೋರ್ ಕೋರ್ಸು, 2.0 ಜಿಪಿಎ, ಜೊತೆಗೆ ಸ್ಯಾಟ್‌ನಲ್ಲಿ 700 ಬೇಕಿತ್ತು. ಬಡ ಮಕ್ಕಳು, ಕಪ್ಪು ಮಕ್ಕಳು ಪರೀಕ್ಷೆಯ ಒಂದು ಅಂಕಿಯಿಂದ ಹೊರಗುಳಿದರು ಅಂತ ದೊಡ್ಡ ಜಗಳವಾಯಿತು. 1989ರಲ್ಲಿ ನಿಯಮವನ್ನು ಇನ್ನೂ ಬಿಗಿ ಮಾಡಲು ಹೊರಟಾಗ ಜಾರ್ಜ್‌ಟೌನ್‌ನ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ಥಾಂಪ್ಸನ್ ಪಂದ್ಯ ಶುರುವಾಗುವ ಹೊತ್ತಿಗೆ ಅಂಗಳದಿಂದಲೇ ಎದ್ದು ನಡೆದರು. ಮುಂದೆ ಕೋರ್ಸುಗಳು 16 ಆದವು, 2016ರಿಂದ ಜಿಪಿಎ 2.3 ಆಯಿತು. 2023ರ ಜನವರಿಯಲ್ಲಿ ಎನ್‌ಸಿಎಎ ಸ್ಯಾಟ್, ಎಸಿಟಿಯನ್ನು ಪೂರ್ತಿ ಕೈಬಿಟ್ಟಿತು.

ಅದು ಒಂದನೇ ಬಾಗಿಲಿನ ಮಾತು. ಎರಡನೇ ಬಾಗಿಲಿನಲ್ಲಿ ಕಥೆ ಬೇರೆ. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮರಳಿ ತಂದಿತು. ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಸ್ಟ್ಯಾನ್‌ಫೋರ್ಡ್, ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್, ಫ್ಲಾರಿಡಾದ ಸರ್ಕಾರಿ ವಿಶ್ವವಿದ್ಯಾಲಯಗಳು ಕೇಳುತ್ತವೆ. ಯುಸಿ ಕಾಲೇಜುಗಳು ಕೊಟ್ಟರೂ ನೋಡುವುದಿಲ್ಲ. ಹಾಗಾಗಿ "ಎನ್‌ಸಿಎಎಗೆ ಬೇಡವಂತೆ" ಅಂತ ಬಿಟ್ಟುಬಿಡಬೇಡಿ. 10ನೇ ತರಗತಿಯ ಕೊನೆಗೋ 11ರ ಚಳಿಗಾಲಕ್ಕೋ ಒಂದು ಸಲ ಬರೆಸಿ. ಫುಟ್‌ಬಾಲ್ ಸೀಸನ್ ಆಗಸ್ಟಿನಿಂದ ನವೆಂಬರ್ ತನಕ. ಶುಕ್ರವಾರ ರಾತ್ರಿ ಆಡಿ, ಮೈಯೆಲ್ಲ ನೋಯುತ್ತಿರುವ ಹುಡುಗನನ್ನು ಶನಿವಾರ ಬೆಳಗ್ಗೆ ಪರೀಕ್ಷೆಗೆ ಕೂರಿಸಬೇಡಿ.

ಓದಿಗೆ ಹೆಸರಾದ ಕಾಲೇಜುಗಳ ದಾರಿ

ಕನ್ನಡದ ಮನೆಗಳಿಗೆ ಅತಿ ಹೆಚ್ಚು ಉಪಯೋಗವಾಗುವುದು ಈ ಭಾಗ ಅಂತ ನನ್ನ ನಂಬಿಕೆ. ಆಟದಲ್ಲಿ ಅಲಬಾಮಾ, ಒಹಾಯೊ ಸ್ಟೇಟ್ ಮಟ್ಟ ಮುಟ್ಟುವ ಹುಡುಗರು ಬಹಳ ಕಡಿಮೆ. ಆದರೆ ಓದು ಗಟ್ಟಿಯಿದ್ದು ಆಟವೂ ಚೆನ್ನಾಗಿರುವ ಹುಡುಗನಿಗೆ ಬೇರೆ ಒಂದು ಬೆಲೆ ಇದೆ.

ಐವಿ ಲೀಗಿನ ಎಂಟು ಕಾಲೇಜುಗಳಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಮನೆಯ ಆದಾಯ ನೋಡಿ ಸಹಾಯ ಕೊಡುತ್ತಾರೆ. ಗ್ರೇಡು ಮತ್ತು ಪರೀಕ್ಷೆಯ ಅಂಕ ಸೇರಿಸಿ "ಅಕಾಡೆಮಿಕ್ ಇಂಡೆಕ್ಸ್" ಅಂತ ಒಂದು ಅಂಕಿ ಮಾಡುತ್ತಾರೆ. ಆರಿಸಿಕೊಂಡ ಆಟಗಾರರ ಸರಾಸರಿ ಇಡೀ ಕಾಲೇಜಿನ ಮಕ್ಕಳ ಸರಾಸರಿಗಿಂತ ತೀರಾ ಕೆಳಗೆ ಹೋಗುವಂತಿಲ್ಲ. ಇದರಿಂದ ಏನಾಗುತ್ತದೆ? ಕೋಚಿಗೆ ತುಂಬ ಬೇಕಾದ, ಆದರೆ ಅಂಕ ಕಡಿಮೆಯಿರುವ ಒಬ್ಬ ಆಟಗಾರನನ್ನು ತೂಗಿಸಲು ಅಂಕ ಜಾಸ್ತಿಯಿರುವ ಇನ್ನೊಬ್ಬ ಬೇಕಾಗುತ್ತಾನೆ. ಆ ಇನ್ನೊಬ್ಬ ನಿಮ್ಮ ಮಗ ಆಗಬಹುದು. ಅವನ 1500ರ ಸ್ಯಾಟ್ ಆಗ ಬರೀ ಅಂಕವಲ್ಲ, ತಂಡಕ್ಕೆ ಅವನು ತರುವ ಬಲ.

ಇಂಥ ಕಾಲೇಜುಗಳಲ್ಲಿ ಕೇಳಬೇಕಾದ ಮಾತು "ಪ್ರೀ-ರೀಡ್". 11ನೇ ತರಗತಿ ಮುಗಿದ ಬೇಸಿಗೆಯಲ್ಲಿ ಕೋಚ್ ಹುಡುಗನ ಟ್ರಾನ್ಸ್‌ಕ್ರಿಪ್ಟ್, ಪರೀಕ್ಷೆಯ ಅಂಕ, 12ರಲ್ಲಿ ತೆಗೆದುಕೊಳ್ಳುವ ಕ್ಲಾಸುಗಳ ಪಟ್ಟಿಯನ್ನು ಅಡ್ಮಿಷನ್ ಆಫೀಸಿಗೆ ಕೊಟ್ಟು ಅಭಿಪ್ರಾಯ ಕೇಳುತ್ತಾರೆ. ವಿಲಿಯಮ್ಸ್, ಆಮ್ಹರ್ಸ್ಟ್ ತರಹದ ಡಿವಿಜನ್ 3 ಕಾಲೇಜುಗಳಲ್ಲೂ ಇದೇ ನಡೆಯುತ್ತದೆ. ಒಳ್ಳೆಯ ಉತ್ತರ ಬಂದರೆ ಅರ್ಲಿ ಡಿಸಿಷನ್ (ಮುಂಚೆಯೇ ಹಾಕುವ, ಸೀಟು ಸಿಕ್ಕರೆ ಸೇರಲೇಬೇಕಾದ ಅರ್ಜಿ) ಹಾಕಲು ಹೇಳುತ್ತಾರೆ. ಐವಿಗಳು ಅಕ್ಟೋಬರ್ 1ರಿಂದ "ಲೈಕ್ಲಿ ಲೆಟರ್" ಕಳಿಸಬಹುದು. ಅದು ಸೀಟು ಸಿಗುವ ಸಾಧ್ಯತೆ ಹೆಚ್ಚು ಅಂತ ಹೇಳುವ ಅಡ್ಮಿಷನ್ ಆಫೀಸಿನ ಕಾಗದ. ಕೋಚಿನ ಮಾತಿಗಿಂತ ಅದರ ತೂಕ ಜಾಸ್ತಿ.

ಎಂಐಟಿಯಲ್ಲಿ ಕೋಚ್ ಒಂದು ಒಳ್ಳೆಯ ಮಾತು ಹೇಳಬಹುದು, ಸೀಟು ಹಿಡಿದಿಡಲು ಆಗುವುದಿಲ್ಲ. ಸ್ಟ್ಯಾನ್‌ಫೋರ್ಡ್ ಡಿವಿಜನ್ 1ರ ದೊಡ್ಡ ತಂಡವೇ, ಆದರೂ ಕೋಚ್ ಎಷ್ಟೇ ಬಯಸಿದರೂ ಅಡ್ಮಿಷನ್ ಆಫೀಸು ಓದಿ ಒಪ್ಪಬೇಕು.

ದುಡ್ಡಿನ ಲೆಕ್ಕ ಮೊದಲೇ ಮಾಡಿ. ಸಾಫ್ಟ್‌ವೇರ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಆದಾಯ ನೋಡಿ ಕೊಡುವ ಸಹಾಯ ಅಷ್ಟಾಗಿ ಸಿಗದಿರಬಹುದು. ಹಾರ್ವರ್ಡ್, ಎಂಐಟಿ ಎರಡೂ 2025ರಿಂದ ವರ್ಷಕ್ಕೆ 2 ಲಕ್ಷ ಡಾಲರ್ ತನಕ ಆದಾಯವಿರುವ ಸಾಮಾನ್ಯ ಆಸ್ತಿಯ ಮನೆಗಳಿಗೆ ಟ್ಯೂಷನ್ ಫೀಸು (ಕಾಲೇಜಿನ ಬೋಧನಾ ಶುಲ್ಕ) ಬಿಟ್ಟಿವೆ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ಸಹಾಯ ಕಳೆದು ಮನೆಯವರು ಎಷ್ಟು ಕಟ್ಟಬೇಕಾಗಬಹುದು ಅಂತ ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ. ಕ್ಯಾಂಪಸ್ ನೋಡಿ ಮಗ ಮನಸೋಲುವ ಮುಂಚೆ ಅದನ್ನು ತುಂಬಿ ನೋಡಿ.

ಆಫರ್ ಬಂತು. ಏನು ಕೇಳಬೇಕು?

ಡಿವಿಜನ್ 1ರ ಫುಟ್‌ಬಾಲ್ ಕೋಚುಗಳು 11ನೇ ತರಗತಿಯ ಸೆಪ್ಟೆಂಬರ್ 1ರಿಂದ ನೇರವಾಗಿ ಪತ್ರ, ಸಂದೇಶ ಕಳಿಸಬಹುದು. ಅದಕ್ಕೂ ಮುಂಚೆ ಯಾರ ಮೂಲಕವೋ ಬಾಯಿಮಾತಿನ ಆಫರ್ ಬರುವುದುಂಟು. ಬಾಯಿಮಾತು ಬಾಯಿಮಾತೇ. ಅದು ಕೋಚನ್ನೂ ಕಟ್ಟಿಹಾಕುವುದಿಲ್ಲ, ಹುಡುಗನನ್ನೂ ಕಟ್ಟಿಹಾಕುವುದಿಲ್ಲ. ಬರವಣಿಗೆಯ ಆಫರ್ 12ನೇ ತರಗತಿಯ ಆಗಸ್ಟ್ 1ರ ನಂತರ. ಸಹಿ ಹಾಕುವುದು ಡಿಸೆಂಬರ್ ಮೊದಲ ಭಾಗದಲ್ಲಿ, ಇಲ್ಲ ಫೆಬ್ರವರಿಯಲ್ಲಿ. ಇಂಥ ಕಾಲೇಜಿಗೇ ಸೇರುತ್ತೇನೆ ಅಂತ ಸಹಿ ಹಾಕುತ್ತಿದ್ದ ಹಳೆಯ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ 2024ರ ಅಕ್ಟೋಬರಿನಲ್ಲಿ ರದ್ದಾಗಿದೆ. ಈಗ ಸಹಿ ಹಾಕುವುದು ಕಾಲೇಜಿನ ಆರ್ಥಿಕ ಸಹಾಯದ ಒಪ್ಪಂದಕ್ಕೆ. ಅದನ್ನು ಪೂರ್ತಿ ಓದಿ. ಅಡ್ಮಿಷನ್ ಸಿಕ್ಕರೆ, ಎನ್‌ಸಿಎಎ ಅರ್ಹತೆ ಬಂದರೆ ಅನ್ನುವ ಷರತ್ತಿನ ಸಾಲನ್ನು ಹುಡುಕಿ.

ಕೋಚಿನ ಹತ್ತಿರ ಸಂಕೋಚ ಬೇಡ. ನಾವು ದೊಡ್ಡವರ ಮುಂದೆ ಪ್ರಶ್ನೆ ಕೇಳದೆ ಬೆಳೆದವರು. ಇಲ್ಲಿ ಕೇಳದಿದ್ದರೆ ನಷ್ಟ ನಮಗೇ. ಇವನ ಟ್ರಾನ್ಸ್‌ಕ್ರಿಪ್ಟನ್ನು ಅಡ್ಮಿಷನ್ ಆಫೀಸು ಓದಿದೆಯಾ? ಅರ್ಹತೆ ನೋಡಲು ನೀವು ಎನ್‌ಸಿಎಎಗೆ ಕೊಡುವ ಆಟಗಾರರ ಪಟ್ಟಿಯಲ್ಲಿ ಇವನ ಹೆಸರು ಸೇರಿಸಿದ್ದೀರಾ? ಎಂಜಿನಿಯರಿಂಗ್ ತೆಗೆದುಕೊಂಡರೆ ಲ್ಯಾಬ್ ಸಮಯಕ್ಕೂ ಪ್ರಾಕ್ಟೀಸಿಗೂ ಹೊಂದುತ್ತದಾ? ಈಗ ತಂಡದಲ್ಲಿ ಎಂಜಿನಿಯರಿಂಗ್ ಓದುತ್ತಿರುವವರು ಎಷ್ಟು ಜನ? ಕೊನೆಯ ಪ್ರಶ್ನೆಗೆ ಕೋಚ್ ತಡಬಡಿಸಿದರೆ ಅದೂ ಒಂದು ಉತ್ತರವೇ.

ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರುವ ವಾಕ್-ಆನ್ ಮಕ್ಕಳಿಗೆ ಒಂದು ಮಾತು. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ, ಆಟಗಾರರಿಗೆ ಹಣ ಕೊಡುವ ಬಗ್ಗೆ ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಯ ನಂತರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡಕ್ಕೆ 105 ಜನರ ಮಿತಿ ಬಂದಿದೆ. ಮುಂಚೆ ಇನ್ನೂ ಜಾಸ್ತಿ ಹುಡುಗರಿಗೆ ಜಾಗ ಇರುತ್ತಿತ್ತು. ಹಾಗಾಗಿ ತಂಡದಲ್ಲಿ ಜಾಗ ಸಿಗದಿದ್ದರೂ ಓದಲು ಇಷ್ಟವಾಗುವ ಕಾಲೇಜನ್ನೇ ಆರಿಸಿ.

ಕಾಗದ ಪತ್ರ

9 ಅಥವಾ 10ನೇ ತರಗತಿಯಲ್ಲಿ ಎಲಿಜಿಬಿಲಿಟಿ ಸೆಂಟರಿನಲ್ಲಿ ಉಚಿತ ಪ್ರೊಫೈಲ್ ತೆರೆಯಿರಿ. ಡಿವಿಜನ್ 1 ಅಥವಾ 2 ಗಟ್ಟಿ ಅನ್ನಿಸಿದಾಗ ಶುಲ್ಕ ಕಟ್ಟಿ ಪೂರ್ತಿ ಖಾತೆ ಮಾಡಿ. ಆರು ಸೆಮಿಸ್ಟರ್ ಮುಗಿದಾಗ, ಅಂದರೆ 11ನೇ ತರಗತಿಯ ಕೊನೆಗೆ, ಟ್ರಾನ್ಸ್‌ಕ್ರಿಪ್ಟನ್ನು ಶಾಲೆಯಿಂದಲೇ ಕಳಿಸಲು ಹೇಳಿ. ಮನೆಯಲ್ಲಿ ಪ್ರಿಂಟ್ ತೆಗೆದು ನಾವು ಕಳಿಸಿದರೆ ನಡೆಯುವುದಿಲ್ಲ. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆಯಿಂದ ಹೋಗಬೇಕು. 12ರ ಏಪ್ರಿಲ್ 1ರ ನಂತರ ಖಾತೆಗೆ ಹೋಗಿ ಅಂತಿಮ ಅಮೆಚ್ಯೂರ್ ಪ್ರಮಾಣೀಕರಣ (ಹುಡುಗ ವೃತ್ತಿಪರ ಆಟಗಾರನಲ್ಲ ಅನ್ನುವ ದೃಢೀಕರಣ) ಕೇಳಿ. ಶಾಲೆ ಮುಗಿದ ವಾರವೇ, ಕೌನ್ಸೆಲರ್ ರಜೆಗೆ ಹೋಗುವ ಮುಂಚೆ, ಪಾಸಾದ ದಿನಾಂಕ ಇರುವ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಕಳಿಸಿಸಿ. ಫುಟ್‌ಬಾಲ್ ಪ್ರಾಕ್ಟೀಸ್ ಬೇಸಿಗೆಯಲ್ಲೇ ಶುರುವಾಗುತ್ತದೆ. ಒಂದು ಕಾಗದ ತಡವಾದರೆ ಹುಡುಗ ಬೇಲಿಯಾಚೆ ನಿಂತು ನೋಡಬೇಕಾಗುತ್ತದೆ.

ಸೇರಿದ ಮೇಲೆ

ಓದಿನ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಡಿವಿಜನ್ 1ರಲ್ಲಿ ಎರಡನೇ ವರ್ಷ ಶುರುವಾಗುವ ಮುಂಚೆ 24 ಕ್ರೆಡಿಟ್ ಬೇಕು. ಎರಡನೇ ವರ್ಷದ ಕೊನೆಗೆ ಡಿಗ್ರಿಯ ಶೇ. 40, ಮೂರನೆಯದಕ್ಕೆ 60, ನಾಲ್ಕನೆಯದಕ್ಕೆ 80 ಮುಗಿದಿರಬೇಕು. ಹಾಗಾಗಿ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಾಯಿಸುವ ಯೋಚನೆ ಇದ್ದರೆ ಬೇಗ ಬದಲಾಯಿಸಬೇಕು. ಹಳೆಯ ಕ್ರೆಡಿಟ್ಟುಗಳು ಹೊಸ ಡಿಗ್ರಿಗೆ ಸೇರದಿದ್ದರೆ ಶೇಕಡಾವಾರು ಕುಸಿಯುತ್ತದೆ. ಫುಟ್‌ಬಾಲ್‌ಗೆ ಮಾತ್ರ ಇನ್ನೊಂದು ಕಟ್ಟು ಇದೆ: ಫಾಲ್ ಟರ್ಮಿನಲ್ಲಿ (ಆಗಸ್ಟ್–ಡಿಸೆಂಬರ್ ಅವಧಿ) 9 ಕ್ರೆಡಿಟ್ ಪಾಸಾಗದಿದ್ದರೆ ಮುಂದಿನ ಸೀಸನ್ನಿನ ಮೊದಲ 4 ಪಂದ್ಯ ಹೋಗುತ್ತವೆ.

ಮೊದಲ ಫಾಲಿಗೆ ಕ್ಲಾಸು ಆರಿಸುವಾಗ 15 ಕ್ರೆಡಿಟ್ ಹಾಕಿಸಿ. ಪಂದ್ಯ ಆಡಬೇಕಾದರೆ 12 ಕ್ರೆಡಿಟ್ ಓದುತ್ತಿರಬೇಕು. 15 ಇದ್ದರೆ ಅಕ್ಟೋಬರಿನಲ್ಲಿ ಕ್ಯಾಲ್ಕುಲಸ್ ಕೈಕೊಟ್ಟರೂ ಒಂದನ್ನು ಬಿಟ್ಟು 12ರಲ್ಲಿ ನಿಲ್ಲಬಹುದು. 12 ಮಾತ್ರ ಇದ್ದು ಒಂದನ್ನು ಡ್ರಾಪ್ ಮಾಡಿದರೆ, ಆ ಬಟನ್ ಒತ್ತಿದ ಕ್ಷಣದಿಂದಲೇ ಶನಿವಾರದ ಆಟ ಇಲ್ಲ.